ಮ್ಯಾಗ್ನೆಟ್ ಕಡೆಯ ಸೀಲು

ಟ್ರಯಲ್ಸ್ ಎನ್ನುವ ಮೋಟಾರ್‌ಸೈಕಲ್ ಆಟಕ್ಕೆ ಸೇರಿಕೊಂಡಿದ್ದೇನೆ ಎಂದು ಊರಿಗೆ ಫೋನ್ ಮಾಡಿ ಹೇಳಿದಾಗ ಎಲ್ಲರೂ ಮೊದಲು ಕೇಳಿದ್ದು, ‘ಎಷ್ಟು ಸ್ಪೀಡಲ್ಲಿ ಹೋಗ್ತೀಯೆ?’ ಎಂದು. ಪಕ್ಕದಲ್ಲಿ ನಡೆದುಕೊಂಡು ಹೋಗುವವರು ನನ್ನನ್ನು ದಾಟಿ ಹೋಗಬಹುದು, ಅಷ್ಟು ಸ್ಪೀಡು. ಈ ಆಟದಲ್ಲಿ ವೇಗಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಬಂಡೆ, ಕೆಸರು, ಮರದ ಬೇರು, ಹರಿಯುವ ತೊರೆ ಇವೆಲ್ಲ ಇರುವ ಒಂದು ತುಂಡು ಜಾಗಕ್ಕೆ ಎರಡೂ ಕಡೆ ಟೇಪು ಕಟ್ಟಿರುತ್ತಾರೆ. ಅದಕ್ಕೆ ಸೆಕ್ಷನ್ ಎಂದು ಹೆಸರು. ಒಳಗೆ ಹೋದವರು ನೆಲಕ್ಕೆ ಕಾಲು ಕೊಡದೆ ಆ ತುದಿಗೆ ಬರಬೇಕು. ಒಂದು ಸಲ ಕಾಲು ಊರಿದರೆ 1 ಅಂಕ, ಎರಡು ಸಲಕ್ಕೆ 2, ಮೂರು ಅಥವಾ ಅದಕ್ಕಿಂತ ಹೆಚ್ಚಾದರೆ 3. ಬಿದ್ದರೆ, ಟೇಪು ದಾಟಿದರೆ, ಮುಂದೆ ಹೋಗಲಾಗದೆ ನಿಂತುಬಿಟ್ಟರೆ 5. ಸಂಜೆ ಯಾರ ಲೆಕ್ಕದಲ್ಲಿ ಅಂಕ ಕಡಿಮೆ ಇರುತ್ತದೋ ಅವರು ಗೆದ್ದರು. ಸೊನ್ನೆ ಬಂದರೆ ಹಬ್ಬ.

ಪ್ರತಿ ಸೆಕ್ಷನ್ನಿನ ಪಕ್ಕದಲ್ಲೂ ಕೈಯಲ್ಲಿ ಕಾರ್ಡು ಹಿಡಿದ ಒಬ್ಬರು ನಿಂತು ಈ ಕಾಲುಗಳನ್ನು ಎಣಿಸಬೇಕು. ಅವರನ್ನು ಅಬ್ಸರ್ವರ್ ಎನ್ನುತ್ತಾರೆ. ಈ ಕೆಲಸಕ್ಕೆ ದುಡ್ಡಿಲ್ಲ, ಒಂದು ಸ್ಯಾಂಡ್‌ವಿಚ್ ಸಿಕ್ಕರೆ ಸಿಕ್ಕಿತು. ಹಾಗಾಗಿ ಕ್ಲಬ್ಬುಗಳಿಗೆ ಯಾವಾಗಲೂ ಅಬ್ಸರ್ವರುಗಳ ಬರ. ನಾನು ಯಾರ್ಕ್‌ಶೈರಿನ ಬಿಂಗ್ಲಿಯಲ್ಲಿ ಇರುವವಳು, ಹತ್ತಿರದ ಆಸ್ಪತ್ರೆಯಲ್ಲಿ ನರ್ಸು. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬರಿದ್ದಾರೆ. ಹದಿನಾರನೇ ವಯಸ್ಸಿನಿಂದ ಟ್ರಯಲ್ಸ್ ಓಡಿಸುತ್ತಿರುವವರು. ಆರು ವರ್ಷದ ಹಿಂದೆ ಒಂದು ಶನಿವಾರ ನನ್ನ ಬಾಗಿಲು ತಟ್ಟಿ, ನಾಳೆ ಒಬ್ಬರು ಕಡಿಮೆ ಬಿದ್ದಿದ್ದಾರೆ, ಬರ್ತೀಯಾ ಎಂದರು. ಹೋದೆ. ಮಳೆಯಲ್ಲಿ, ಮೊಣಕಾಲುದ್ದ ತೊರೆಯ ದಡದಲ್ಲಿ ಐದು ಗಂಟೆ ನಿಂತು ಕಾಲು ಎಣಿಸಿದೆ. ಎಣಿಸುತ್ತ ಎಣಿಸುತ್ತ ನನ್ನ ಕಾಲೂ ಒಂದು ಕೈ ನೋಡಬೇಕು ಅನ್ನಿಸಲು ಶುರುವಾಯಿತು. ಆಗ ನನಗೆ ನಲವತ್ತೊಂದು. ಕ್ಲಬ್ಬಿನವರ ಗಾಡಿಗಳನ್ನು ಎರವಲು ಪಡೆದು ಬೀಳುವುದನ್ನು ಕಲಿತೆ. ಸ್ವಂತ ಗಾಡಿ ಕೊಳ್ಳುವ ಮಾತು ಬಂದದ್ದು ಅಪ್ಪ ಇಲ್ಲಿಗೆ ಬಂದ ವರ್ಷ.

ಅಪ್ಪನ ವಿಷಯ ಹೇಳಬೇಕು. ಮೈಸೂರಿನ ಕೆ.ಆರ್. ಮೊಹಲ್ಲಾದಲ್ಲಿ ನಮ್ಮ ಮನೆಯ ಕೆಳಗೇ ಅಪ್ಪನ ಗ್ಯಾರೇಜು. 1961ರಿಂದ 1996ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ, ಯೆಜ್ಡಿ ಗಾಡಿಗಳು ಬರುತ್ತಿದ್ದ ಊರದು. ಗಾಡಿ ಹುಟ್ಟುತ್ತಿದ್ದುದು ಅಲ್ಲಿ, ಕಾಯಿಲೆ ಬಿದ್ದಾಗ ಬರುತ್ತಿದ್ದುದು ಅಪ್ಪನಂಥವರ ಹತ್ತಿರ. ಕಿಕ್ಕರೇ ಗೇರ್ ಲಿವರೂ ಆಗುವ ಆ ಯೆಜ್ಡಿಯನ್ನು ಅಪ್ಪ ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸುತ್ತಿದ್ದ ಎಂದರೆ ಉತ್ಪ್ರೇಕ್ಷೆಯಲ್ಲ, ಕರೆಂಟು ಹೋದಾಗ ಹಾಗೇ ಮಾಡಿದ್ದನ್ನು ನೋಡಿದ್ದೇನೆ. ಆಮೇಲೆ ಆರ್‌ಎಕ್ಸ್ 100 ಬಂತು. ಕಾರ್ಖಾನೆ ಮುಚ್ಚಿ, ಹೊಸ ಟೂ ಸ್ಟ್ರೋಕ್ ಗಾಡಿಗಳು ಬರುವುದು ನಿಂತ ಮೇಲೂ ಹಳೆಯವು ಅಪ್ಪನ ಬಾಗಿಲಿಗೆ ಬರುತ್ತಲೇ ಇದ್ದವು. ಗ್ಯಾರೇಜಿನಲ್ಲಿ ಹನ್ನೆರಡು ಹದಿಮೂರು ವರ್ಷದ ಹುಡುಗರು ಕೆಲಸ ಕಲಿಯಲು ಸೇರಿಕೊಳ್ಳುತ್ತಿದ್ದರು. ಮೂರು ನಾಲ್ಕು ವರ್ಷಕ್ಕೆ ಮೆಕ್ಯಾನಿಕ್ ಆಗಿ ಹೊರಡುತ್ತಿದ್ದರು. ನನ್ನ ಪಾಲಿಗೆ ಇದ್ದದ್ದು ಲೆಕ್ಕದ ಪುಸ್ತಕ. ಸಂಜೆ ಕೂತು ಆಯಿಲ್ ಸೀಲ್ ಎರಡು, ಪ್ಲಗ್ ಒಂದು, ಕ್ಲಚ್ ಕೇಬಲ್ ಒಂದು ಎಂದು ಬರೆಯುವುದು. ಒಮ್ಮೆ ಸ್ಪ್ಯಾನರ್ ಎತ್ತಿಕೊಂಡಾಗ, ‘ಕೈ ಎಣ್ಣೆ ಆಯ್ತದೆ, ಹೋಗವ್ವಾ ಓದ್ಕೋ’ ಎಂದ. ಓದಿಕೊಂಡೆ. ಹಾಗಾಗಿಯೇ ಇಲ್ಲಿಗೆ ಬಂದೆ. ಅದರ ಬಗ್ಗೆ ನನಗೆ ದೂರಿಲ್ಲ. ಆದರೆ ಪುಸ್ತಕದಲ್ಲಿ ನಾನು ನೂರಾರು ಸಲ ಬರೆದ ‘ಆಯಿಲ್ ಸೀಲ್’ ಇಂಜಿನ್ನಿನಲ್ಲಿ ಎಲ್ಲಿರುತ್ತದೆ ಎಂದು ನಲವತ್ತು ದಾಟುವವರೆಗೂ ನೋಡಿರಲಿಲ್ಲ.

ಐದಾರು ವರ್ಷದಿಂದ ಅಪ್ಪನ ಕೈ ನಡುಗುತ್ತದೆ. ಪಾರ್ಕಿನ್ಸನ್ಸ್ ಅಲ್ಲ, ಎಸೆನ್ಶಿಯಲ್ ಟ್ರೆಮರ್ ಎನ್ನುವುದು. ಎರಡಕ್ಕೂ ದೊಡ್ಡ ವ್ಯತ್ಯಾಸವಿದೆ. ಪಾರ್ಕಿನ್ಸನ್ಸಿನಲ್ಲಿ ಸಾಮಾನ್ಯವಾಗಿ ಕೈ ಸುಮ್ಮನಿದ್ದಾಗ ನಡುಗುತ್ತದೆ, ಇದರಲ್ಲಿ ಕೈ ಏನಾದರೂ ಮಾಡಲು ಹೊರಟಾಗ. ತೊಡೆಯ ಮೇಲಿಟ್ಟುಕೊಂಡು ಕೂತರೆ ಅಪ್ಪನ ಕೈ ಶಿಲೆಯ ಹಾಗಿರುತ್ತದೆ. ಸ್ಕ್ರೂಡ್ರೈವರ್ ಹಿಡಿದು ಸ್ಕ್ರೂವಿನ ಹತ್ತಿರ ಒಯ್ದ ಕೂಡಲೇ ಶುರು. ಮೆಕ್ಯಾನಿಕ್ಕಿಗೆ ಬರಬಾರದ ಕಾಯಿಲೆ. ಮಾತ್ರೆಯಿಂದ ಸ್ವಲ್ಪ ತಗ್ಗಿತು, ಹೋಗಲಿಲ್ಲ. ಗ್ಯಾರೇಜು ಮುಚ್ಚಿದ. ಅದಾದ ಎರಡು ವರ್ಷಕ್ಕೆ ಅಮ್ಮ ಹೋದಳು. ವಿಸಿಟರ್ ವೀಸಾದಲ್ಲಿ ಆರು ತಿಂಗಳಿಗೆಂದು ಅಪ್ಪನನ್ನು ಇಲ್ಲಿಗೆ ಕರೆದುಕೊಂಡು ಬಂದೆ. ಏಪ್ರಿಲ್ ತಿಂಗಳು, ಹೊರಗೆ ಇನ್ನೂ ಚಳಿ. ಎರಡು ಸ್ವೆಟರ್ ಹಾಕಿಕೊಂಡು ಕಿಟಕಿಯ ಹತ್ತಿರ ಕೂತುಬಿಟ್ಟ. ಊಟಕ್ಕೆ ಕರೆದರೆ ಬರುತ್ತಿದ್ದ, ಕೇಳಿದ್ದಕ್ಕೆ ‘ಹೂಂ’ ಎನ್ನುತ್ತಿದ್ದ. ನಾನು ಡ್ಯೂಟಿಗೆ ಹೋಗಿ ಹನ್ನೆರಡು ಗಂಟೆ ಬಿಟ್ಟು ಬಂದರೂ ಅದೇ ಕುರ್ಚಿ.

ಆ ಕಿಟಕಿಯಿಂದ ಪಕ್ಕದ ಮನೆಯ ಗ್ಯಾರೇಜು ಕಾಣುತ್ತದೆ. ಒಂದು ಸಂಜೆ ಕೆಲಸ ಮುಗಿಸಿ ಬಂದರೆ ಅಪ್ಪ ಅಲ್ಲಿ ಬಾಗಿಲ ಬಳಿ ಕೈ ಕಟ್ಟಿಕೊಂಡು ನಿಂತಿದ್ದ. ಒಳಗೆ ಅವರು ತಮ್ಮ ಗ್ಯಾಸ್ ಗ್ಯಾಸ್ ಬಿಚ್ಚಿಕೊಂಡು ಕೂತಿದ್ದರು. ಇದು ಸ್ಪೇನಿನ ಗಾಡಿ. ಗ್ಯಾಸ್ ಗ್ಯಾಸ್ ಎನ್ನುವುದು ಕಂಪನಿಯ ಹೆಸರೇ. (ಅಪ್ಪ ಕೊನೆಯವರೆಗೂ ಅದನ್ನು ‘ಸಿಲಿಂಡರ್ ಗಾಡಿ’ ಎಂದೇ ಕರೆದ.) ಈಗಿನ ಟ್ರಯಲ್ಸ್ ಗಾಡಿಗಳಿಗೆ ಸೀಟು ಇರುವುದಿಲ್ಲ, ಕೂರುವ ಪ್ರಸಂಗವೇ ಬರುವುದಿಲ್ಲವಾದ್ದರಿಂದ. ಎಪ್ಪತ್ತು ಕೆಜಿ ಆಸುಪಾಸಿನ ತೂಕ, ಎರಡು ಮೂರು ಲೀಟರ್ ಹಿಡಿಯುವ ಟ್ಯಾಂಕು, ಒಂದೇ ಬೆರಳಲ್ಲಿ ಎಳೆಯುವ ಕ್ಲಚ್ಚು. ಅಪ್ಪ ನನ್ನನ್ನು ನೋಡಿ, ವಾರದಲ್ಲಿ ಮೊದಲ ಸಲ ತಾನಾಗಿ ಮಾತಾಡಿದ: ‘ಯಾರೋ ಸೀಟು ಕಿತ್ಕೊಂಡು ಹೋಗವ್ರೆ ಕಣವ್ವ. ಪಾಪ, ಯಜಮಾನ್ರು ಹಂಗೇ ಓಡಿಸ್ತಾವ್ರೆ.’

ಅಂದಿನಿಂದ ಪಕ್ಕದ ಮನೆಯವರು ನಮ್ಮಿಬ್ಬರಿಗೂ ಯಜಮಾನ್ರು. ಅವರ ಯಾರ್ಕ್‌ಶೈರ್ ಇಂಗ್ಲಿಷ್ ನನಗೇ ಪೂರ್ತಿ ಅರ್ಥವಾಗಲು ಎರಡು ವರ್ಷ ಹಿಡಿದಿತ್ತು. ಅಪ್ಪನಿಗೆ ಬರುವ ಇಂಗ್ಲಿಷೆಲ್ಲ ಬಿಡಿಭಾಗಗಳ ಹೆಸರು. ಅಷ್ಟು ಸಾಕಾಯಿತು. ಅಪ್ಪನಿಗೆ ಅತಿ ದೊಡ್ಡ ಅಚ್ಚರಿ ಟೈರಿನ ಗಾಳಿ. ಹಿಂದಿನ ಚಕ್ರಕ್ಕೆ 4 ಪಿಎಸ್ಐ, ಮುಂದಿನದಕ್ಕೆ 5 ಅಥವಾ 6. ಅಷ್ಟು ಕಡಿಮೆ ಒತ್ತಡವನ್ನು ಸರಿಯಾಗಿ ತೋರಿಸುವುದಕ್ಕೆ ಬೇರೆ ಗೇಜೇ ಬೇಕು. ಮೈಸೂರಿನಲ್ಲಿ ಯೆಜ್ಡಿಗೆ 25ಕ್ಕಿಂತ ಇಳಿದರೆ ಅಪ್ಪ ಬೈಯುತ್ತಿದ್ದ. ಯಜಮಾನ್ರು ಹೆಬ್ಬೆರಳಿನಿಂದ ಟೈರನ್ನು ಒತ್ತಿ, ಅಂಗೈಯನ್ನು ಬಂಡೆಯ ಮೇಲೆ ಅಂಟಿಸಿದಂತೆ ಮಾಡಿ ತೋರಿಸಿದರು. ಅಪ್ಪನೂ ಒತ್ತಿ ನೋಡಿ, ‘ಹಿಡ್ಕೊಳ್ಳಕ್ಕೆ’ ಎಂದ.

ಮೇ ತಿಂಗಳ ಮೊದಲ ವಾರ ಸ್ಕಾಟ್ಲೆಂಡಿನಲ್ಲಿ ಆರು ದಿನದ ಟ್ರಯಲ್ ನಡೆಯುತ್ತದೆ. 1909ರಲ್ಲಿ ಶುರುವಾದದ್ದು. ಫೋರ್ಟ್ ವಿಲಿಯಮ್ ಎನ್ನುವ ಊರಿನಿಂದ ಹೊರಟು ದಿನಕ್ಕೆ ಮೂವತ್ತು ಸೆಕ್ಷನ್, ನಡುವೆ ಬೆಟ್ಟ, ಜೌಗು, ರಸ್ತೆ. ಯಜಮಾನ್ರು ಪ್ರತಿ ವರ್ಷ ನೋಡಲು ಹೋಗುವವರು. ಆ ಸಲ ನಮ್ಮಿಬ್ಬರನ್ನೂ ಕಾರಿನಲ್ಲಿ ಹಾಕಿಕೊಂಡು ಹೋದರು. ಕಿನ್‌ಲಾಕ್‌ಲೆವೆನ್ ಊರಿನ ಮೇಲೆ ಪೈಪ್‌ಲೈನ್ ಎನ್ನುವ ಹೆಸರಾಂತ ಏರು ಇದೆ. ಅಲ್ಲಿ ಅಲ್ಯೂಮಿನಿಯಂ ಕಾರ್ಖಾನೆಗೆ ವಿದ್ಯುತ್ತು ಬೇಕೆಂದು ಮೇಲಿನ ಅಣೆಕಟ್ಟಿನಿಂದ ನೀರು ತಂದ ದೊಡ್ಡ ಕೊಳವೆಗಳು ಬೆಟ್ಟದ ಮೈಮೇಲೆ ಸಾಲಾಗಿ ಇಳಿಯುತ್ತವೆ. ಅವುಗಳ ಪಕ್ಕದ ಕಲ್ಲಿನ ಏರನ್ನು ಸವಾರರು ಹತ್ತಬೇಕು. ಅಪ್ಪ ಸವಾರರನ್ನು ಬಿಟ್ಟು ಕೊಳವೆಗಳನ್ನೇ ಬಹಳ ಹೊತ್ತು ನೋಡಿದ. ‘ಬ್ಲಫ್ ಇದ್ದಂಗೆ ಅದೆ’ ಎಂದ. ಶಿವನಸಮುದ್ರದ ವಿದ್ಯುತ್ ಕೇಂದ್ರವನ್ನು ನಮ್ಮ ಕಡೆ ಬ್ಲಫ್ ಎನ್ನುತ್ತಾರೆ. ಅಮ್ಮನ ತೌರು ಅಲ್ಲೇ ಹತ್ತಿರ.

ಆ ದಿನ ಅಪ್ಪನ ಮನಸ್ಸಿಗೆ ಹಿಡಿಸಿದ್ದು ಸವಾರಿಗಿಂತ ಒಂದು ನಿಯಮ. ಸಂಜೆ ಗಾಡಿಗಳನ್ನೆಲ್ಲ ಬೇಲಿಯೊಳಗೆ ನಿಲ್ಲಿಸಿಬಿಡಬೇಕು, ರಾತ್ರಿಯೆಲ್ಲ ಯಾರೂ ಮುಟ್ಟುವಂತಿಲ್ಲ. ದಾರಿಯಲ್ಲಿ ಕೆಟ್ಟರೆ ಸವಾರನೇ ತನ್ನ ಚೀಲದ ಸಾಮಾನಿನಿಂದ ರಿಪೇರಿ ಮಾಡಿಕೊಳ್ಳಬೇಕು. ‘ಅಂದ್ರೆ ಓಡಿಸೋನೇ ಮೆಕ್ಯಾನಿಕ್ಕು’ ಎಂದ. ವಾಪಸ್ ಬರುತ್ತ ಕಾರಿನಲ್ಲಿ ಹಿಂದಿನಿಂದ ನನ್ನ ಭುಜ ತಟ್ಟಿ, ‘ನೀನು ಗಾಡಿ ತಗೊಂಡ್ರೆ ಬಿಚ್ಚಿ ಹಾಕಕ್ಕೂ ಬರ್ಬೇಕಾಯ್ತದಲ್ಲ’ ಎಂದ. ಬರುತ್ತದೆ ಎಂದೂ ನಾನು ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಗಾಡಿ ಹುಡುಕಲು ಶುರು ಮಾಡಿದೆವು. ಹೊಸದಕ್ಕೆ ಸುಮಾರು ಏಳು ಸಾವಿರ ಪೌಂಡು, ಅದು ನನ್ನ ಕೈಗೆ ಮೀರಿದ್ದು. ಅಲ್ಲದೆ ಹೊಸಬರು 300 ಸಿಸಿ ಗಾಡಿಯ ಕಡೆ ತಲೆ ಹಾಕಬಾರದು ಎನ್ನುವುದು ಯಜಮಾನ್ರ ಮಾತು, ನನ್ನದೂ ಈಗ ಅದೇ ಅಭಿಪ್ರಾಯ. ಬಂಡೆಯ ಮೇಲೆ ಹೆದರಿ ಕೈ ಬಿಗಿಯಾದಾಗ ಥ್ರಾಟಲ್ ತಾನೇ ತಿರುಗಿಬಿಡುತ್ತದೆ. ಆಗ ಗಾಡಿ ಮೆದುವಾಗಿರಬೇಕು. ಹಿಂದೆ ಎರಡು ಶಾಕ್ ಅಬ್ಸಾರ್ಬರ್ ಇರುವ ಹಳೆಯ ಗಾಡಿಗಳಿಗೆ ಇಲ್ಲಿ ಟ್ವಿನ್‌ಶಾಕ್ ಎಂದು ಬೇರೆಯೇ ವರ್ಗವಿದೆ. ಅದರಲ್ಲೇ ನೋಡೋಣ ಎಂದುಕೊಂಡೆವು.

ಮೊದಲು ನೋಡಿದ್ದು ಒಂದು ಬುಲ್ಟಾಕೋ ಶೆರ್ಪಾ ಟಿ. ಈ ಆಟದ ಚರಿತ್ರೆಯಲ್ಲಿ ಅದಕ್ಕೆ ದೊಡ್ಡ ಜಾಗವಿದೆ. ಅಲ್ಲಿಯವರೆಗೆ ಟ್ರಯಲ್ಸ್ ಎಂದರೆ ಇಂಗ್ಲೆಂಡಿನ ಭಾರದ ಫೋರ್ ಸ್ಟ್ರೋಕ್ ಗಾಡಿಗಳು. 500 ಸಿಸಿ ಏರಿಯಲ್ ಓಡಿಸುತ್ತ ಗೆಲ್ಲುತ್ತಲೇ ಇದ್ದ ಬೆಲ್‌ಫಾಸ್ಟಿನ ಸ್ಯಾಮಿ ಮಿಲ್ಲರ್ 1964ರ ಕೊನೆಗೆ ಸ್ಪೇನಿನ ಬುಲ್ಟಾಕೋಗೆ ಹೋಗಿ, ಹಗುರವಾದ ಟೂ ಸ್ಟ್ರೋಕ್ ಗಾಡಿಯೊಂದನ್ನು ಅವರೊಂದಿಗೆ ಕೂತು ತಿದ್ದಿ ತೀಡಿದರು. 1965ರಲ್ಲಿ ಅದರ ಮೇಲೆ ಸ್ಕಾಟ್ಲೆಂಡಿನ ಆರು ದಿನದ ಟ್ರಯಲ್ ಗೆದ್ದರು. ಆಮೇಲೆ ಭಾರದ ಗಾಡಿಗಳ ಕಾಲ ಮುಗಿಯಿತು. ನಾವು ನೋಡಿದ ಶೆರ್ಪಾ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ಮಾರುವವನು ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿ ತೋರಿಸಲು ಮುಂದೆ ಬಂದ. ಅದಕ್ಕೂ ಮೊದಲು ಅಪ್ಪ ಹೋಗಿ ಸಿಲಿಂಡರಿನ ಮೇಲೆ ಕೈಯಿಟ್ಟ. ಬಿಸಿ ಇತ್ತು. ‘ನಾವು ಬರೋ ಮುಂಚೇನೇ ಬೆಚ್ಚಗೆ ಮಾಡವ್ನೆ’ ಎಂದು ನನ್ನ ಕಿವಿಯಲ್ಲಿ ಹೇಳಿದ. ಹಳೆ ಗಾಡಿ ನೋಡಲು ಹೋದಾಗ ಇಂಜಿನ್ ತಣ್ಣಗಿರಬೇಕು, ತಣ್ಣಗಿರುವ ಇಂಜಿನ್ ಹೇಗೆ ಏಳುತ್ತದೆ ಎನ್ನುವುದರಲ್ಲೇ ಅರ್ಧ ಜಾತಕ ಇರುತ್ತದೆ. ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆಸಿ ಬ್ಯಾಟರಿ ಬಿಟ್ಟು ನೋಡಿದ. ಆ ಗಾಡಿಯ ಟ್ಯಾಂಕು ಫೈಬರ್ ಗ್ಲಾಸಿನದು. 2021ರಿಂದ ಇಲ್ಲಿನ ಮಾಮೂಲಿ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ಫೈಬರ್ ಗ್ಲಾಸಿನ ಅಂಟನ್ನು ಮೆತ್ತಗೆ ಕರಗಿಸುತ್ತದೆ. ಕರಗಿದ್ದು ಕಾರ್ಬುರೇಟರಿಗೆ, ಅಲ್ಲಿಂದ ಇಂಜಿನ್ನಿಗೆ ಇಳಿದು ಗಟ್ಟಿಯಾಗುತ್ತದೆ. ಒಳಗಿನ ಗೋಡೆ ನೆಂದ ಹಪ್ಪಳದಂತೆ ಅಲ್ಲಲ್ಲಿ ಎದ್ದಿತ್ತು. ಹೊರಗಿನಿಂದ ಬಣ್ಣ ಮಾತ್ರ ಅದ್ಭುತ.

ಎರಡನೆಯದನ್ನು ಗೇಟಿನ ಹತ್ತಿರದಿಂದಲೇ ಬೇಡವೆಂದು ಬಂದೆವು. ಚಾಸಿಸ್ ನಂಬರ್ ಇರಬೇಕಾದ ಕಡೆ ಉಜ್ಜಿದ ಗುರುತಿತ್ತು.

ಮೂರನೆಯದು ಸ್ವೇಲ್‌ಡೇಲ್ ಕಣಿವೆಯ ಒಂದು ಹೊಲಮನೆಯಲ್ಲಿ ಕುರಿಗಳ ಕೊಟ್ಟಿಗೆಯ ಮೂಲೆಯಲ್ಲಿದ್ದ ಯಮಹಾ ಟಿವೈ 175. ಎಪ್ಪತ್ತರ ದಶಕದ್ದು, ಮೇಲೆ ಹುಲ್ಲಿನ ಧೂಳು, ಟ್ಯಾಂಕಿಗೆ ಒಂದು ತಗ್ಗು. ಅಪ್ಪನ ಮುಖ ಅರಳಿತು. ರೀಡ್ ವಾಲ್ವ್, ಮಿಕುನಿ ಕಾರ್ಬುರೇಟರ್, ಪೆಟ್ರೋಲಿಗೆ ಬೇರೆಯಾಗಿ ಆಯಿಲ್ ಸೇರಿಸುವ ಆಟೋಲ್ಯೂಬ್ ಪಂಪು, ಎಲ್ಲ ಅವನಿಗೆ ಆರ್‌ಎಕ್ಸ್ 100ರಲ್ಲಿ ಪರಿಚಯವಿದ್ದ ಸಾಮಾನುಗಳೇ. ಸಿಲಿಂಡರ್ ಮುಟ್ಟಿದ, ತಣ್ಣಗಿತ್ತು. ಹಿಂದಿನ ಚಕ್ರ ಎತ್ತಿಸಿ ಅಕ್ಕಪಕ್ಕ ಅಲುಗಿಸಿ ಸ್ವಿಂಗ್ ಆರ್ಮಿನ ಆಟ ನೋಡಲು ಹೇಳಿದ. ಸ್ಪೋಕುಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿಸಿದ, ಮಂಕಾಗಿ ಶಬ್ದ ಬಂದದ್ದು ಸಡಿಲ. ಎಂಟನೇ ಕಿಕ್ಕಿಗೆ ಗಾಡಿ ಎದ್ದಿತು. ಎದ್ದು, ಥ್ರಾಟಲ್ ಬಿಟ್ಟ ಮೇಲೂ ಸ್ಲೋ ಸ್ಪೀಡಿಗೆ ಇಳಿಯದೆ ‘ರ್ರ್ರ್’ ಎಂದು ಮೇಲೆಯೇ ನಿಂತಿತು. ಮಾರುವ ರೈತ ಸಂಕೋಚದಿಂದ, ಕಾರ್ಬುರೇಟರ್ ಎರಡು ಸಲ ಕ್ಲೀನ್ ಮಾಡಿಸಿದ್ದೇನೆ, ಹೋಗಿಲ್ಲ ಎಂದ. ಅಪ್ಪ ತಲೆ ಒಂದು ಕಡೆ ವಾಲಿಸಿ ಕೇಳಿದ. ‘ಕಾರ್ಬುರೇಟರ್ ಅಲ್ಲ. ಮ್ಯಾಗ್ನೆಟ್ ಕಡೆ ಸೀಲ್ ಹೋಗದೆ. ಗಾಳಿ ಎಳೀತಾ ಅದೆ.’

ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲೂ ಗಾಳಿಯೂ ಸೇರಿದ ಮಿಶ್ರಣ ಮೊದಲು ಹೋಗುವುದು ಕ್ರಾಂಕ್ ಇರುವ ಗೂಡಿಗೆ. ಆ ಗೂಡು ಗಾಳಿಯಾಡದ ಹಾಗೆ ಇರಬೇಕು. ಕ್ರಾಂಕ್ ಶಾಫ್ಟು ಹೊರಬರುವ ಎರಡೂ ತುದಿಯಲ್ಲಿ ರಬ್ಬರಿನ ಸೀಲುಗಳಿರುತ್ತವೆ. ಗಾಡಿ ವರ್ಷಗಟ್ಟಲೆ ನಿಂತರೆ ಅವು ಒಣಗುತ್ತವೆ. ಗೇರ್ ಬಾಕ್ಸ್ ಕಡೆಯದು ಹೋದರೆ ಗೇರ್ ಆಯಿಲನ್ನು ಎಳೆದುಕೊಂಡು ಹೊಗೆ ಕಾರುತ್ತದೆ. ಮ್ಯಾಗ್ನೆಟ್ ಕಡೆಯದು ಹೋದರೆ ಹೊರಗಿನ ಗಾಳಿ ಎಳೆದುಕೊಂಡು ಪೆಟ್ರೋಲು ಸಾಲದೆ ಹೀಗೆ ಅರಚುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ ಸುಡುತ್ತದೆ. ಯಜಮಾನ್ರು ಆ ಬದಿಯಲ್ಲಿ ಸ್ವಲ್ಪ ಬ್ರೇಕ್ ಕ್ಲೀನರ್ ಸಿಂಪಡಿಸಿದರು, ಇಂಜಿನ್ನಿನ ದನಿ ಬದಲಾಯಿತು. ಅಪ್ಪನ ಮಾತು ಸರಿ. ಬೆಲೆಯಲ್ಲಿ ಮುನ್ನೂರು ಪೌಂಡು ಇಳಿಯಿತು. ನಾನು ಹಿಂದೆಮುಂದೆ ನೋಡುತ್ತಿದ್ದಾಗ ಅಪ್ಪ ಹೇಳಿದ: ‘ಗೊತ್ತಿರೋ ಕಾಯ್ಲೆ ಇರೋ ಗಾಡಿ ತಗೋಬೋದು ಕಣವ್ವ. ಕಾಯ್ಲೆನೇ ಇಲ್ಲ ಅಂತಾನಲ್ಲ, ಅವನ ಹತ್ರ ತಗೋಬಾರ್ದು.’

ಅದೇ ಕಣಿವೆಯಲ್ಲಿ ಪ್ರತಿ ಶರತ್ಕಾಲದಲ್ಲಿ ಸ್ಕಾಟ್ ಟ್ರಯಲ್ ನಡೆಯುತ್ತದೆ ಎಂದು ಯಜಮಾನ್ರು ವಾಪಸ್ ಬರುವಾಗ ಹೇಳಿದರು. 1914ರಲ್ಲಿ ಶಿಪ್ಲಿಯ ಕಾರ್ಖಾನೆ ಮಾಲೀಕ ಆಲ್ಫ್ರೆಡ್ ಆಂಗಸ್ ಸ್ಕಾಟ್ ತನ್ನ ಕೆಲಸಗಾರರಿಗೆ, ನೀವೇ ಮಾಡಿದ ಗಾಡಿಗಳಲ್ಲಿ ಈ ಗುಡ್ಡಗಳನ್ನು ಹತ್ತಿಳಿದು ಬರ್ನ್‌ಸಾಲ್‌ವರೆಗೆ ಹೋಗಿ ನೋಡೋಣ ಎಂದು ಸವಾಲು ಹಾಕಿದ್ದರಿಂದ ಹುಟ್ಟಿದ್ದು ಅದು. ಆ ಗಾಡಿಗಳೂ ಟೂ ಸ್ಟ್ರೋಕ್. ಶಿಪ್ಲಿ ನಮ್ಮ ಮನೆಯಿಂದ ಮೂರೇ ಮೈಲಿ. ಅಪ್ಪನಿಗೆ ಅನುವಾದಿಸಿದೆ. ‘ಓಡಿಸಿದ್ದಕ್ಕೆ ರಜಾ ಕೊಟ್ನಂತಾ?’ ಎಂದು ಕೇಳಿದ.

ರಿಪೇರಿ ಶುರುವಾದದ್ದು ಜೂನಿನಲ್ಲಿ, ಯಜಮಾನ್ರ ಗ್ಯಾರೇಜಿನಲ್ಲಿ. ಗಾಡಿಯನ್ನು ಸ್ಟ್ಯಾಂಡಿನ ಮೇಲೇರಿಸಿದ ಮೇಲೆ ಅಪ್ಪ ಅಭ್ಯಾಸಬಲದಿಂದ ಸ್ಕ್ರೂಡ್ರೈವರ್ ತೆಗೆದುಕೊಂಡ. ಕವರಿನ ಮೊದಲ ಸ್ಕ್ರೂವಿನ ಹತ್ತಿರ ಹೋದಂತೆ ಕೈ ಅಲುಗಿ ತುದಿ ಜಾರಿ ಕವರಿನ ಮೇಲೆ ಗೀರಿತು. ಇನ್ನೊಮ್ಮೆ ಪ್ರಯತ್ನಿಸಿದ. ಯಜಮಾನ್ರು ಬೇಕೆಂದೇ ಬೇರೆ ಕಡೆ ತಿರುಗಿ ಟೀ ಮಾಡಲು ಹೋದರು. ಅಪ್ಪ ಸ್ಕ್ರೂಡ್ರೈವರಿನ ಹಿಡಿಯನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟ. ‘ಮೊದ್ಲು ಒತ್ತು. ಆಮೇಲೆ ತಿರುಗ್ಸು. ಒತ್ತೋದು ಮುಕ್ಕಾಲು, ತಿರುಗ್ಸೋದು ಕಾಲು.’

ಆ ಹನ್ನೊಂದು ಸಂಜೆಗಳು ಹಾಗೆ ನಡೆದವು. ಹೇಳುವುದು ಅಪ್ಪ, ಮಾಡುವುದು ನಾನು. ಮೂರನೇ ದಿನ ಅಪ್ಪನೇ ಒಂದು ಮಾತು ಹೇಳಿದ, ಗ್ಯಾರೇಜಿನಲ್ಲಿ ಕೆಲಸ ಕಲಿತ ಹುಡುಗರಿಗೆ ತಾನು ಏನನ್ನೂ ಬಾಯಲ್ಲಿ ಹೇಳಿರಲಿಲ್ಲವಂತೆ. ನೋಡಿಕೊಂಡು ಕಲಿತರು, ತಪ್ಪಿದರೆ ತಲೆಗೊಂದು ಬಿಟ್ಟರೆ ಆಯಿತು. ಈಗ ಪ್ರತಿಯೊಂದಕ್ಕೂ ಮಾತು ಹುಡುಕಬೇಕು. ನಟ್ಟು ಎಷ್ಟು ಬಿಗಿ ಇರಬೇಕು? ‘ಬಿಗಿ ಬಂತು’ ಎನ್ನುವುದು ಅವನ ಕೈಗೆ ಗೊತ್ತಿತ್ತು, ನಾಲಿಗೆಗೆ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ, ಗಾಳಿಯಲ್ಲಿ ಸ್ಪ್ಯಾನರ್ ಹಿಡಿದ ಹಾಗೆ ಮಾಡಿ, ಆಮೇಲೆ ಹೇಳುತ್ತಿದ್ದ. ಯಜಮಾನ್ರ ಹತ್ತಿರ ಟಾರ್ಕ್ ರೆಂಚ್ ಇತ್ತು, ಪುಸ್ತಕವೂ ಇತ್ತು. ಅಪ್ಪ ಹೇಳಿದ ಹಾಗೆ ಬಿಗಿ ಮಾಡಿ ಆಮೇಲೆ ರೆಂಚಿನಲ್ಲಿ ನೋಡುವುದು ಒಂದು ಆಟವಾಯಿತು. ಹೆಚ್ಚಿನ ಸಲ ಅಪ್ಪನ ಲೆಕ್ಕ ಸರಿ ಬರುತ್ತಿತ್ತು. ಬಾರದಿದ್ದಾಗ ರೆಂಚು ಸರಿಯಿಲ್ಲ ಎನ್ನುತ್ತಿದ್ದ.

ಮ್ಯಾಗ್ನೆಟ್ ಎಂದರೆ ಕ್ರಾಂಕಿನ ತುದಿಯ ಭಾರದ ಫ್ಲೈವೀಲು. ಅದನ್ನು ಪುಲ್ಲರ್ ಹಾಕಿಯೇ ತೆಗೆಯಬೇಕು, ಸುತ್ತಿಗೆ ಮುಟ್ಟುವಂತಿಲ್ಲ. ಕೈಗೆ ಬಂದಾಗ ಅದರ ತೂಕಕ್ಕೆ ಅಪ್ಪ ಹುಬ್ಬೇರಿಸಿದ. ಆರ್‌ಎಕ್ಸ್‌ನಲ್ಲಿ ಇದು ಹಗುರ, ಪಿಕಪ್ ಬೇಕಲ್ಲ. ಇಲ್ಲಿ ಬೇಕಾದದ್ದು ಅದರ ತಿರುಗುಮುರುಗು. ಬಂಡೆಯ ಬುಡದಲ್ಲಿ ಇಂಜಿನ್ ನಿಂತೇಹೋಯಿತು ಅನ್ನುವಾಗಲೂ ಈ ಭಾರ ಇನ್ನೊಂದು ಸುತ್ತು ತಿರುಗಿಸಿ ಮೇಲೆ ದಾಟಿಸುತ್ತದೆ. ‘ನಿಧಾನಕ್ಕೆ ಹೋಗಕ್ಕೆ ತೂಕ ಇಕ್ಕವ್ರೆ’ ಎಂದು ಆ ಚಕ್ರವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ಕೂತ. ಆಗ ಕೈ ನಡುಗಲಿಲ್ಲ. ಭಾರ ಹಿಡಿದಾಗ ಕೆಲವರಿಗೆ ಹಾಗಾಗುತ್ತದೆ.

ಒಳಗಿನ ಪ್ಲೇಟು ತೆಗೆಯುವ ಮೊದಲು ಅದು ಕೂತಿದ್ದ ಜಾಗಕ್ಕೆ ಸೂಜಿಯಂಥ ಮೊನೆಯಿಂದ ಗೆರೆ ಎಳೆಸಿದ. ಅರ್ಧಚಂದ್ರಾಕಾರದ ಪುಟ್ಟ ಕೀಯನ್ನು ಬೆಂಕಿಪೊಟ್ಟಣದಲ್ಲಿ ಹಾಕಿಸಿದ. ಹಳೆಯ ಸೀಲು ಕಲ್ಲಾಗಿತ್ತು, ಅಂಚು ಸೀಳಿತ್ತು. ಅದನ್ನು ಕೊಕ್ಕೆಯಿಂದ ಎಬ್ಬಿಸುವಾಗ ಶಾಫ್ಟಿಗೆ ಒಂದು ಗೀರು ಬಿದ್ದರೂ ಹೊಸ ಸೀಲೂ ದಂಡ ಎಂದು ಮೂರು ಸಲ ಹೇಳಿದ. ಬಂತು. ಹೊಸದರ ಅಂಚಿಗೆ ಗ್ರೀಸು ಹಚ್ಚಿ ಬಾಯಿ ಹತ್ತಿರ ಇಟ್ಟೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು. ಅಪ್ಪ ಹೇಳಲು ನೋಡಿದ, ಮಾತು ಸಿಗಲಿಲ್ಲ. ಎದ್ದು ಓಡಾಡಿದ. ಆಮೇಲೆ ನನ್ನ ಹಿಂದೆ ಬಂದು ನಿಂತು, ‘ನಿಮ್ಮಮ್ಮ ಅಕ್ಕಿರೊಟ್ಟಿ ತಟ್ತಿದ್ಲಲ್ಲ, ಹಂಗೆ. ಒಂದು ಕಡೆ ನಿಲ್ಬೇಡ. ಸುತ್ತಾ ಹೋಯ್ತಾ ಇರು. ಬೆರಳು ಬಿಸಿ ತಗೊಂಡು ಹೋಯ್ತದಲ್ಲ, ಹಂಗೆ’ ಎಂದ. ಅಮ್ಮ ಹೋದ ಮೇಲೆ ನನ್ನ ಮುಂದೆ ಅವಳ ಮಾತೆತ್ತಿದ್ದು ಅದೇ ಮೊದಲು. ಸುತ್ತ ಹೋದೆ. ಸೀಲು ಸಮನಾಗಿ ಕೂತಿತು.

ಆಟೋಲ್ಯೂಬ್ ಪಂಪಿನ ವಿಷಯದಲ್ಲಿ ಇಬ್ಬರು ಮುದುಕರಿಗೂ ಜಗಳವೇ ಆಯಿತು, ನಡುವೆ ದುಭಾಷಿ ನಾನು. ಪಂಪು ಕಿತ್ತುಹಾಕಿ ಪೆಟ್ರೋಲಿಗೇ ಆಯಿಲ್ ಬೆರೆಸು, ಇಲ್ಲಿ ಎಲ್ಲರೂ ಹಾಗೇ ಮಾಡುವುದು, ಪಂಪು ಕೆಟ್ಟರೆ ಗೊತ್ತೇ ಆಗುವುದಿಲ್ಲ ಎನ್ನುವುದು ಯಜಮಾನ್ರ ವಾದ. ಅಪ್ಪನದು ಬೇರೆ: ಉದ್ದನೆಯ ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿಕೊಂಡು ಇಳಿಯುವಾಗ ಪೆಟ್ರೋಲು ಬರುವುದಿಲ್ಲ. ಅದರಲ್ಲೇ ಬೆರೆತ ಆಯಿಲೂ ಬರುವುದಿಲ್ಲ. ಆದರೆ ಇಂಜಿನ್ ತಿರುಗುತ್ತಲೇ ಇರುತ್ತದೆ. ಪಂಪಿದ್ದರೆ ತಿರುಗಿದಷ್ಟಕ್ಕೂ ಒಂದು ತೊಟ್ಟು ಬರುತ್ತದೆ. ಯಜಮಾನ್ರು ಗಡ್ಡ ಕೆರೆದುಕೊಂಡು, ಅದೂ ನಿಜವೇ ಎಂದರು. ಪಂಪು ಉಳಿಯಿತು. ಯಾರು ಸರಿ ಎಂದು ಕೇಳಿದರೆ, ವಾರಕ್ಕೊಮ್ಮೆ ಆಯಿಲ್ ಟ್ಯಾಂಕು ಇಳಿದಿದೆಯೇ ಎಂದು ನೋಡುವ ಶಿಸ್ತು ಇರುವವರಿಗೆ ಅಪ್ಪ ಸರಿ, ಇಲ್ಲದವರಿಗೆ ಯಜಮಾನ್ರು.

ಕೊನೆಗೆ ಪಾಯಿಂಟ್ಸ್. ಪಿಸ್ಟನ್ ತುದಿ ಮುಟ್ಟುವ ಸ್ವಲ್ಪ ಮೊದಲು, ಗೊತ್ತಾದ ಜಾಗದಲ್ಲಿ, ಪಾಯಿಂಟ್ಸ್ ತೆರೆದುಕೊಳ್ಳಬೇಕು. ಆಗಲೇ ಕಿಡಿ. ಯಜಮಾನ್ರು ಪ್ಲಗ್ಗಿನ ತೂತಿಗೆ ಡಯಲ್ ಗೇಜು ಕೂರಿಸಿದರು. ಅಪ್ಪ ಮೈಸೂರಿನಲ್ಲಿ ಅದೇ ತೂತಿಗೆ ಗುರುತು ಹಾಕಿದ ಸೈಕಲ್ ಸ್ಪೋಕು ಇಳಿಬಿಡುತ್ತಿದ್ದ. ಪಾಯಿಂಟ್ಸ್ ತೆರೆದುಕೊಳ್ಳುವ ಕ್ಷಣ ಕಣ್ಣಿಗೆ ಕಾಣುವುದಿಲ್ಲ. ಅಪ್ಪ ನನ್ನ ಕಡೆ ತಿರುಗಿ ‘ಸಿಗರೇಟು ಪ್ಯಾಕಿನ ಪೇಪರ್ ಬೇಕಲ್ಲ, ಅವ್ರನ್ನ ಕೇಳು’ ಎನ್ನುವಷ್ಟರಲ್ಲಿ ಯಜಮಾನ್ರು ಸಾಮಾನಿನ ಡಬ್ಬಿಯ ತಳದಿಂದ ಸಿಗರೇಟು ಸುತ್ತುವ ತೆಳು ಕಾಗದದ ಪೊಟ್ಟಣ ತೆಗೆದಿದ್ದರು. ಸೇದುವುದು ಬಿಟ್ಟು ಮೂವತ್ತು ವರ್ಷವಾಗಿದೆ, ಇದಕ್ಕೆಂದೇ ಇಟ್ಟಿದ್ದಾರೆ. ಕಾಗದವನ್ನು ಪಾಯಿಂಟ್ಸ್ ನಡುವೆ ಸಿಕ್ಕಿಸಿ, ಮೆಲ್ಲಗೆ ಎಳೆಯುತ್ತ, ಇನ್ನೊಂದು ಕೈಯಲ್ಲಿ ಮ್ಯಾಗ್ನೆಟ್ ತಿರುಗಿಸಬೇಕು. ಕಾಗದ ಸಡಿಲವಾಗಿ ಬಂದ ಕ್ಷಣವೇ ಪಾಯಿಂಟ್ಸ್ ತೆರೆದ ಕ್ಷಣ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದಕ್ಕೆ ನಾನು ಅನುವಾದ ಮಾಡಬೇಕಾಗಲಿಲ್ಲ. ಕಾಗದ ಎಳೆದದ್ದು ನಾನು.

ಮೂರನೇ ಕಿಕ್ಕಿಗೆ ಎದ್ದಿತು. ಥ್ರಾಟಲ್ ಬಿಟ್ಟೆ. ಇಳಿಯಿತು. ಒಂದೊಂದು ಹೊಡೆತವನ್ನೂ ಎಣಿಸಬಹುದಾದಷ್ಟು ಇಳಿದು, ಅಲ್ಲೇ ನಿಂತಿತು.

ನೋಡಿಕೊಳ್ಳುವುದರಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ, ಬೇಜಾರಿಲ್ಲದೆ ಮಾಡಬೇಕು ಅಷ್ಟೆ. ಟ್ರಯಲ್ ಮುಗಿಸಿ ಬಂದ ದಿನವೇ ಕೆಸರು ತೊಳೆಯುವುದು, ಆದರೆ ರಭಸದ ನೀರನ್ನು ಬೇರಿಂಗುಗಳ ಕಡೆ ಬಿಡದೆ. ಏರ್ ಫಿಲ್ಟರಿನ ಸ್ಪಂಜು ಒಗೆದು, ಒಣಗಿಸಿ, ಆಯಿಲ್ ಹಚ್ಚಿ ಹಿಂಡಿ ಹಾಕುವುದು. ಡ್ರಮ್ ಬ್ರೇಕಿನೊಳಗೆ ತೊರೆಯ ನೀರು ಹೊಕ್ಕಿರುತ್ತದೆ, ಬಿಚ್ಚಿ ಒಣಗಿಸುವುದು. ಸ್ಪೋಕು ತಟ್ಟಿ ಕೇಳುವುದು. ಈಗ ಕಿವಿಗೆ ಗೊತ್ತಾಗುತ್ತದೆ.

ಸೆಪ್ಟೆಂಬರಿನಲ್ಲಿ, ಅಪ್ಪ ಹೊರಡುವ ಹದಿನೈದು ದಿನ ಮೊದಲು, ನನ್ನ ಗಾಡಿಯಲ್ಲೇ ನನ್ನ ಮೊದಲ ಟ್ರಯಲ್. ಹತ್ತು ಸೆಕ್ಷನ್, ನಾಲ್ಕು ಸುತ್ತು. ಅಪ್ಪ ಆರನೇ ಸೆಕ್ಷನ್ನಿನ ಅಬ್ಸರ್ವರ್ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ. ಎರಡನೇ ಸುತ್ತಿನಲ್ಲಿ ನಾನು ಬೇರುಗಳ ಮೇಲೆ ತಡವರಿಸಿ ಆಚೆ ಬಂದಾಗ ಅಬ್ಸರ್ವರ್ 2 ಎಂದು ಬೆರಳು ತೋರಿಸಿದರು. ಅಪ್ಪ ಅವರ ಭುಜ ಮುಟ್ಟಿ, ತಲೆಯಲ್ಲಾಡಿಸಿ, ನಡುಗುವ ಮೂರು ಬೆರಳು ಎತ್ತಿದ. ಬಂಡೆಯ ಹಿಂದೆ ಊರಿದ್ದ ಕಾಲು ಅವನಿಗೊಬ್ಬನಿಗೇ ಕಂಡಿತ್ತು. 3 ಎಂದು ಬರೆದುಕೊಂಡರು. ದಿನದ ಕೊನೆಗೆ 200ಕ್ಕೆ ನನ್ನದು 97.

ಇನ್ನೂ ಇರು, ವೀಸಾ ಬೇರೆ ರೀತಿ ನೋಡೋಣ ಎಂದೆ. ಅಪ್ಪ ಒಪ್ಪಲಿಲ್ಲ. ಮನೆ ಬೀಗ ಹಾಕಿ ಎಷ್ಟು ದಿನ ಇರುವುದು ಎಂದ. ಹೋದ ಮೇಲೆ ಗ್ಯಾರೇಜಿನ ಬಾಗಿಲು ಅರ್ಧ ಎತ್ತಿಸಿ, ಹಳೆಯ ಹುಡುಗನೊಬ್ಬನ ಮಗನನ್ನು ಕೂರಿಸಿಕೊಂಡಿದ್ದಾನೆ. ಕಾಲೇಜಿನ ಹುಡುಗರು ಅಜ್ಜನ ಕಾಲದ ಯೆಜ್ಡಿಗಳನ್ನು ತಳ್ಳಿಕೊಂಡು ಬರುತ್ತಾರಂತೆ. ಅಪ್ಪ ಸ್ಟೂಲಿನ ಮೇಲೆ ಕೂತು ಬಾಯಲ್ಲಿ ಹೇಳುತ್ತಾನೆ.

ನನ್ನ ಗಾಡಿ ಎರಡು ತಿಂಗಳಿಂದ ತುಸು ಹೆಚ್ಚು ಹೊಗೆ ಬಿಡುತ್ತಿದೆ, ಗೇರ್ ಆಯಿಲಿನ ಮಟ್ಟ ಇಳಿಯುತ್ತಿದೆ. ಫೋನನ್ನು ಸೈಲೆನ್ಸರ್ ಹತ್ತಿರ ಹಿಡಿದು ಕೇಳಿಸಿದೆ. ‘ಒಂದು ಸೀಲ್ ಹೋಯ್ತು ಅಂದ್ರೆ ಇನ್ನೊಂದು ಕಾಯ್ತಾ ಇರ್ತದೆ’ ಎಂದ. ಇದು ಗೇರ್ ಬಾಕ್ಸ್ ಕಡೆಯದು, ಇದಕ್ಕೆ ಇಂಜಿನ್ ಇಳಿಸಿ ಕೇಸು ಎರಡು ಮಾಡಬೇಕು. ಡಿಸೆಂಬರಿನಲ್ಲಿ ನನಗೆ ಒಂಬತ್ತು ದಿನ ರಜೆ ಸಿಕ್ಕಿದೆ. ಪ್ಯಾಕಿಂಗ್ ಸೆಟ್ಟೂ ಎರಡು ಸೀಲೂ ಬಂದಿವೆ, ಕೇಸು ಬಿಡಿಸುವ ಪುಲ್ಲರ್ ಯಜಮಾನ್ರ ಹತ್ತಿರ ಇದೆ. ವಿಡಿಯೋ ಕರೆಯಲ್ಲಿ ಫೋನು ಎಲ್ಲಿಡಬೇಕು ಎಂದು ಅಪ್ಪ ಈಗಲೇ ಹೇಳಿಟ್ಟಿದ್ದಾನೆ: ‘ಮುಖಕ್ಕಲ್ಲ ಕಣವ್ವ, ಕೈ ಕಾಣೋ ಹಂಗೆ ಇಡು.’